ಟ್ಯಾಬ್ಲೆಟ್ ಕೊಳ್ಳುವುದಾದರೆ ಪೆನ್ನಿಗಾಗಿ ಕೊಳ್ಳಿ, ಕೀಬೋರ್ಡಿಗಾಗಿ ಅಲ್ಲ

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದಲ್ಲಿ. ಮಗಳು ಎರಡನೇ ಪಿಯುಸಿ ಮುಗಿಸಿದ್ದಾಳೆ; ಎಂಜಿನಿಯರಿಂಗ್ ಸೇರುವುದೋ, ನರ್ಸಿಂಗ್‌ನಂತಹ ಆರೋಗ್ಯ ವಿಜ್ಞಾನದ ಕೋರ್ಸ್ ಸೇರುವುದೋ ಇನ್ನೂ ನಿಶ್ಚಯವಾಗಿಲ್ಲ. ನಾನು ಸಹಕಾರಿ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಘದ ವಾರ್ಷಿಕ ವರದಿಯನ್ನೂ ಊರ ದೇವಸ್ಥಾನದ ಸ್ಮರಣ ಸಂಚಿಕೆಯ ಬರಹಗಳನ್ನೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುವುದುಂಟು. ಮನೆಯ ಲ್ಯಾಪ್‌ಟಾಪ್‌ಗೆ ಎಂಟು ವರ್ಷ ದಾಟಿದೆ. ಹೊಸತು ನೋಡಲು ಹೋದರೆ ಅಂಗಡಿಯವರು, "ಈಗ ಲ್ಯಾಪ್‌ಟಾಪ್ ಯಾಕೆ, ಟ್ಯಾಬ್ಲೆಟ್‌ಗೆ ಒಂದು ಕೀಬೋರ್ಡ್ ಹಾಕಿದರೆ ಅದೇ ಲ್ಯಾಪ್‌ಟಾಪ್" ಎನ್ನುತ್ತಾರೆ. ನಮ್ಮ ಕೈಯಲ್ಲಿರುವುದು ಐವತ್ತು ಸಾವಿರ ರೂಪಾಯಿಯ ಆಸುಪಾಸು. ಟ್ಯಾಬ್ಲೆಟ್ ನಿಜಕ್ಕೂ ಲ್ಯಾಪ್‌ಟಾಪ್‌ನಷ್ಟು ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಮಗಳ ಓದು, ನಿಮ್ಮ ಲೆಕ್ಕ, ಕನ್ನಡದ ಬರವಣಿಗೆ ಈ ಮೂರೂ ಒಂದೇ ಸಾಧನದಲ್ಲಿ ನಡೆಯಬೇಕೆಂದಿದ್ದರೆ ಲ್ಯಾಪ್‌ಟಾಪನ್ನೇ ಕೊಳ್ಳಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಹಾಗೆಂದು ಟ್ಯಾಬ್ಲೆಟ್ ಎಂದರೆ ಬರೀ ಸಿನಿಮಾ ನೋಡುವ ಹಲಗೆ ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಓದುವುದಕ್ಕೆ ಮತ್ತು ಕೈಯಾರೆ ಬರೆಯುವುದಕ್ಕೆ ಅದರಷ್ಟು ಒಳ್ಳೆಯ ಯಂತ್ರ ಇನ್ನೊಂದಿಲ್ಲ, ಮತ್ತು ಈ ಎರಡು ಕೆಲಸಗಳಲ್ಲೇ ದಿನದ ಬಹುಭಾಗ ಕಳೆಯುವ ವಿದ್ಯಾರ್ಥಿಗಳು ಮಣಿಪಾಲ, ಮಂಗಳೂರುಗಳಲ್ಲಿ ಬೇಕಾದಷ್ಟಿದ್ದಾರೆ. ನನ್ನ ತಕರಾರು ಇರುವುದು ಅಂಗಡಿಯವರು ತೋರಿಸಿದ ನಡುದಾರಿಯ ಬಗ್ಗೆ. ಟ್ಯಾಬ್ಲೆಟ್ ಕೊಳ್ಳುವವರು ಅದರ ಜೊತೆಗೆ ಕೊಳ್ಳಬೇಕಾದದ್ದು ಪೆನ್ನನ್ನು. ಕೀಬೋರ್ಡ್ ಇಲ್ಲದೆ ಕೆಲಸ ಸಾಗದು ಅನ್ನುವವರು ಕೊಳ್ಳಬೇಕಾದದ್ದು ಲ್ಯಾಪ್‌ಟಾಪನ್ನು.

ಈ ಸಾಧನವನ್ನು ಜನಪ್ರಿಯಗೊಳಿಸಿದವರೇ ಅದು ಲ್ಯಾಪ್‌ಟಾಪ್‌ನ ಬದಲಿ ಎಂದು ಹೇಳಿರಲಿಲ್ಲ ಎಂಬುದನ್ನು ನೆನಪಿಡುವುದು ಒಳ್ಳೆಯದು. 2010ರ ಜನವರಿ 27ರಂದು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಮೊದಲ ಐಪ್ಯಾಡನ್ನು ಜನರ ಮುಂದಿಟ್ಟಾಗ, ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಮೂರನೆಯದೊಂದಕ್ಕೆ ಜಾಗವಿದೆಯೇ ಎಂದು ಕೇಳಿ, ಇದ್ದರೆ ಅದು ಕೆಲವು ಕೆಲಸಗಳನ್ನಾದರೂ ಆ ಎರಡಕ್ಕಿಂತ ಚೆನ್ನಾಗಿ ಮಾಡಬೇಕು ಎಂದಿದ್ದರು. ಅವರು ಕೊಟ್ಟ ಪಟ್ಟಿಯಲ್ಲಿದ್ದದ್ದು ಜಾಲತಾಣ ನೋಡುವುದು, ಇಮೇಲ್, ಫೋಟೊ, ವಿಡಿಯೊ, ಸಂಗೀತ, ಆಟ ಮತ್ತು ಇ-ಪುಸ್ತಕ. ಮಾರಾಟದ ಮಾತು ಬದಲಾದದ್ದು ಆಮೇಲೆ. 2015ರಲ್ಲಿ ಪೆನ್ಸಿಲ್ ಮತ್ತು ಕೀಬೋರ್ಡ್ ಜೋಡಿಸಬಹುದಾದ ಐಪ್ಯಾಡ್ ಪ್ರೊ ಬಂದಾಗ, ಇನ್ನು ಮುಂದೆ ಜನ ಪಿಸಿ ಯಾಕೆ ಕೊಳ್ಳಬೇಕು ಎಂದು ಆಪಲ್‌ನ ಆಗಿನ ಮುಖ್ಯಸ್ಥ ಟಿಮ್ ಕುಕ್ ಕೇಳಿದರು. ಅವರ ಕಂಪನಿ ಅಂದಿನಿಂದ ಇಂದಿನವರೆಗೂ ಎರಡನ್ನೂ ಮಾರುತ್ತಲೇ ಇದೆ. ಅದಕ್ಕೂ ಮೊದಲು, 2001ರಲ್ಲಿ, ಪೆನ್ನಿನಿಂದ ನಡೆಯುವ ಟ್ಯಾಬ್ಲೆಟ್ ಪಿಸಿ ಐದು ವರ್ಷದೊಳಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಸಿ ಆಗುತ್ತದೆ ಎಂದು ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಭವಿಷ್ಯ ನುಡಿದಿದ್ದರು, ಅದೂ ಫಲಿಸಲಿಲ್ಲ.

ನಮ್ಮ ದೇಶದ ಅನುಭವವೂ ಇದೇ ದಿಕ್ಕಿನದು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ ಏಳು ಇಂಚಿನದು, ಕೇವಲ 256 ಎಂಬಿ ರ‍್ಯಾಮ್ ಇದ್ದದ್ದು, ಅದರ ಪರದೆ ಬೆರಳಿನಿಂದ ಒತ್ತಿದರೆ ಮಾತ್ರ ಸ್ಪಂದಿಸುವ ಹಳೆಯ ಬಗೆಯದು. ಬೆಲೆ ಕಡಿಮೆಯಿತ್ತು, ಉದ್ದೇಶ ಒಳ್ಳೆಯದಿತ್ತು, ಉಪಯೋಗ ಮಾತ್ರ ಕಾಣಲಿಲ್ಲ. ಕರ್ನಾಟಕ ಸರಕಾರ 2021ರ ಜೂನ್‌ನಲ್ಲಿ, ಕೋವಿಡ್ ಕಾಲದ ಆನ್‌ಲೈನ್ ತರಗತಿಗಳ ನಡುವೆ, ಸರಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮ ಕೈಗೊಂಡಿತು. ಅದಕ್ಕೆ ಮೊದಲು ಕೊಡುತ್ತಿದ್ದದ್ದು ಲ್ಯಾಪ್‌ಟಾಪ್. ಪಾಠ ಕೇಳುವುದಕ್ಕೆ, ಟಿಪ್ಪಣಿ ಓದುವುದಕ್ಕೆ ಟ್ಯಾಬ್ಲೆಟ್ ಸಾಕಾಗುತ್ತದೆ ಎಂಬ ಲೆಕ್ಕಾಚಾರ ಆ ಸಂದರ್ಭಕ್ಕೆ ಸರಿಯೇ. ಪಾಠ ಕೇಳಿ ಮುಗಿದ ಮೇಲೆ ವರದಿ ಬರೆಯುವ, ಪ್ರಾಜೆಕ್ಟ್ ಮಾಡುವ ಹಂತಕ್ಕೆ ಅದು ಸಾಕಾಗುವುದಿಲ್ಲ ಎಂಬುದೂ ಅಷ್ಟೇ ಸರಿ.

ಇಂದಿನ ಟ್ಯಾಬ್ಲೆಟ್‌ಗಳಿಗೆ ಶಕ್ತಿ ಕಡಿಮೆ, ಅದಕ್ಕಾಗಿ ಅವು ಲ್ಯಾಪ್‌ಟಾಪ್ ಆಗಲಾರವು ಎಂದು ಕೆಲವರು ತಿಳಿದಿದ್ದಾರೆ. ಅದು ಹಳೆಯ ಮಾತು. 2020ರ ನವೆಂಬರ್‌ನಲ್ಲಿ ತನ್ನ ಲ್ಯಾಪ್‌ಟಾಪ್ ಆದ ಮ್ಯಾಕ್‌ಬುಕ್ ಏರ್‌ಗೆ ಬಂದ ಎಂ1 ಪ್ರೊಸೆಸರನ್ನೇ ಆಪಲ್ ಮರುವರ್ಷ ಐಪ್ಯಾಡ್ ಪ್ರೊಗೂ ಹಾಕಿತು. ಒಳಗಿನ ಎಂಜಿನ್ ಒಂದೇ ಆದ ಈ ಎರಡು ಸಾಧನಗಳಲ್ಲಿ, ಐಫೋನ್‌ಗೆ ಆ್ಯಪ್ ತಯಾರಿಸುವ ಎಕ್ಸ್‌ಕೋಡ್ ಎಂಬ ತಂತ್ರಾಂಶ ಮ್ಯಾಕ್‌ಬುಕ್‌ನಲ್ಲಿ ಮಾತ್ರ ನಡೆಯುತ್ತದೆ, ಐಪ್ಯಾಡಿನಲ್ಲಿ ಇಂದಿಗೂ ಇಲ್ಲ. ತಡೆ ಇರುವುದು ಪ್ರೊಸೆಸರಿನಲ್ಲಲ್ಲ, ಕಾರ್ಯಾಚರಣಾ ವ್ಯವಸ್ಥೆಯ (ಆಪರೇಟಿಂಗ್ ಸಿಸ್ಟಮ್) ಸ್ವಭಾವದಲ್ಲಿ. ಟ್ಯಾಬ್ಲೆಟ್‌ನ ವ್ಯವಸ್ಥೆ ಫೋನಿನ ವಂಶದ್ದು: ಪ್ರತಿಯೊಂದು ಆ್ಯಪ್ ತನ್ನ ಕೋಣೆಯೊಳಗೇ ಇರಬೇಕು, ಇನ್ನೊಂದರ ಕಡತವನ್ನು ಮುಟ್ಟಬೇಕಾದರೆ ಅನುಮತಿ ಕೇಳಬೇಕು, ಬ್ಯಾಟರಿ ಮತ್ತು ಮೆಮೊರಿ ಉಳಿಸಲು ಹಿನ್ನೆಲೆಯಲ್ಲಿರುವ ಆ್ಯಪನ್ನು ವ್ಯವಸ್ಥೆಯೇ ನಿಲ್ಲಿಸಬಹುದು. ಇದರಿಂದ ವೈರಸ್ ಕಾಟ ಕಡಿಮೆ, ಬ್ಯಾಟರಿ ಬಾಳಿಕೆ ಹೆಚ್ಚು, ವಯಸ್ಸಾದವರಿಗೂ ಬಳಸುವುದು ಸುಲಭ. ಇದೇ ಕಾರಣಕ್ಕೆ ನಾಲ್ಕು ಕಡತಗಳನ್ನು ಒಟ್ಟಿಗೆ ತೆರೆದಿಟ್ಟು, ಒಂದರಿಂದ ತೆಗೆದು ಇನ್ನೊಂದಕ್ಕೆ ಸೇರಿಸಿ, ಮೂರನೆಯದರೊಂದಿಗೆ ತಾಳೆ ನೋಡುವ ಕೆಲಸ ತೊಡಕಿನದಾಗುತ್ತದೆ. 2025ರಲ್ಲಿ ಬಂದ ಐಪ್ಯಾಡ್‌ಓಎಸ್ 26ರಲ್ಲಿ ಕಿಟಕಿಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ಸೌಕರ್ಯ ಸಿಕ್ಕಿದೆ, ಸ್ಯಾಮ್‌ಸಂಗ್‌ನ ಮೇಲುದರ್ಜೆಯ ಟ್ಯಾಬ್ಲೆಟ್‌ಗಳಲ್ಲಿ ಡೆಕ್ಸ್ ಎಂಬ ಡೆಸ್ಕ್‌ಟಾಪ್ ಮಾದರಿ ಹಲವು ವರ್ಷಗಳಿಂದ ಇದೆ. ನೋಟ ಲ್ಯಾಪ್‌ಟಾಪ್‌ನ ಹತ್ತಿರ ಬಂದಿದೆ. ನಿಮಗೆ ಬೇಕಾದ ತಂತ್ರಾಂಶ ಅದರೊಳಗೆ ಬಂದಿಲ್ಲ.

ನಿಮ್ಮ ಲೆಕ್ಕಪತ್ರದ ಕೆಲಸವನ್ನೇ ತೆಗೆದುಕೊಳ್ಳೋಣ. ಟ್ಯಾಲಿ ವಿಂಡೋಸ್‌ಗಾಗಿ ತಯಾರಾದ ತಂತ್ರಾಂಶ. ಅದನ್ನು ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ನೇರವಾಗಿ ಹಾಕಿಕೊಳ್ಳಲಾಗದು. ಎಕ್ಸೆಲ್ ಟ್ಯಾಬ್ಲೆಟ್‌ಗಳಲ್ಲಿ ಇದೆ ಎಂಬುದು ನಿಜ, ಆದರೆ ಅಲ್ಲಿ ಮ್ಯಾಕ್ರೊಗಳು, ಅಂದರೆ ಹಾಳೆಯೊಳಗೆ ಲೆಕ್ಕವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮ್‌ಗಳು, ನಡೆಯುವುದಿಲ್ಲ, ಮತ್ತು ಸಹಕಾರಿ ಸಂಘಗಳಲ್ಲಿ ಹಿಂದಿನವರು ಮಾಡಿಟ್ಟು ಹೋದ ಬಡ್ಡಿ ಲೆಕ್ಕದ ಹಾಳೆಗಳು ಅನೇಕ ವೇಳೆ ಮ್ಯಾಕ್ರೊಗಳ ಮೇಲೆಯೇ ನಿಂತಿರುತ್ತವೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇನ್ನೊಂದು ತಡೆ. ಅದರ ಚಾಲಕ ತಂತ್ರಾಂಶಗಳು ತಯಾರಾಗಿರುವುದು ಮುಖ್ಯವಾಗಿ ವಿಂಡೋಸ್ ಮತ್ತಿತರ ಡೆಸ್ಕ್‌ಟಾಪ್ ವ್ಯವಸ್ಥೆಗಳಿಗೆ. ಟ್ಯಾಬ್ಲೆಟ್‌ನ ಟೈಪ್-ಸಿ ಕಿಂಡಿಗೆ ಟೋಕನ್ ಸಿಕ್ಕಿಸಿದ ಮಾತ್ರಕ್ಕೆ ಜಾಲತಾಣ ಅದನ್ನು ಗುರುತಿಸುತ್ತದೆ ಎಂದುಕೊಂಡು ರಿಟರ್ನ್ ಸಲ್ಲಿಸುವ ಕೊನೆಯ ದಿನ ಕುಳಿತರೆ ಕಷ್ಟ. ಕಚೇರಿಯ ಗಣಕವನ್ನು ದೂರದಿಂದಲೇ ಟ್ಯಾಬ್ಲೆಟ್‌ನ ಪರದೆಗೆ ತಂದುಕೊಳ್ಳುವ ಉಪಾಯಗಳು ಇವೆ. ಅವಕ್ಕೆ ಆ ಕಡೆ ಗಣಕ ಚಾಲೂ ಇರಬೇಕು, ಈ ಕಡೆ ಇಂಟರ್‌ನೆಟ್ ಕೈಕೊಡಬಾರದು, ಮತ್ತು ಆಗಲೂ ಕೆಲಸ ಮಾಡುತ್ತಿರುವುದು ಆ ಗಣಕವೇ.

ಕನ್ನಡದ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಯಾಕೆಂದರೆ ಇಂಗ್ಲಿಷಿನಲ್ಲಿ ಬರುವ ಹೋಲಿಕೆ ಲೇಖನಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ನುಡಿಯ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿದ ಬರಹ ಯೂನಿಕೋಡಿನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಜಾಗತಿಕ ಪದ್ಧತಿಯಲ್ಲಿ, ಇರುವುದಿಲ್ಲ. ಅಲ್ಲಿ ಗಣಕ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳನ್ನು. ನುಡಿಯ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುತ್ತದೆ, ಅಷ್ಟೆ. ಫಾಂಟ್ ಇಲ್ಲದ ಕಡೆ ಅದೇ ಕಡತ ತೆರೆದರೆ ಕಾಣಿಸುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗೊಂಚಲು. ವಿಂಡೋಸ್ ಲ್ಯಾಪ್‌ಟಾಪ್‌ಗೆ ಆ ಫಾಂಟ್ ಹಾಕಿಕೊಳ್ಳುವುದು ಒಂದು ನಿಮಿಷದ ಕೆಲಸ. ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಅದು ಸಾಮಾನ್ಯ ಬಳಕೆದಾರರಿಗೆ ಸುಲಭವಲ್ಲ. ನಿಮ್ಮ ಸಂಘದ ಹಿಂದಿನ ಇಪ್ಪತ್ತು ವರ್ಷದ ವರದಿಗಳು ಇಂಥ ಕಡತಗಳಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಇನ್ನು ಮುದ್ರಣಾಲಯ. 2001ರಲ್ಲಿ ಬಂದ 7.0 ಆವೃತ್ತಿಯೊಂದಿಗೆ ಕೊನೆಗೊಂಡ, ಯೂನಿಕೋಡ್ ಅರಿಯದ ಪೇಜ್‌ಮೇಕರ್ ಎಂಬ ತಂತ್ರಾಂಶ ಕನ್ನಡದ ಪುಟವಿನ್ಯಾಸದಲ್ಲಿ ಇನ್ನೂ ಉಸಿರಾಡುತ್ತಿದೆ, ಹಾಗಾಗಿ ಸ್ಮರಣ ಸಂಚಿಕೆಯ ಬರಹವನ್ನು ಯೂನಿಕೋಡಿನಲ್ಲಿ ಕೊಟ್ಟರೆ "ನುಡಿಗೆ ಮಾಡಿಕೊಡಿ" ಎನ್ನುವವರು ಇಂದಿಗೂ ಸಿಗುತ್ತಾರೆ. ಪರಿವರ್ತಕಗಳು ಇವೆ, ಅವು ಅರ್ಕಾವೊತ್ತಿನಲ್ಲೋ, ಅಂಕಿಗಳಲ್ಲೋ, ಆವರಣ ಚಿಹ್ನೆಯಲ್ಲೋ ಎಡವುವುದನ್ನು ನೋಡಿ ತಿದ್ದಬೇಕಾಗುತ್ತದೆ, ಮತ್ತು ಆ ತಿದ್ದುವಿಕೆ ಲ್ಯಾಪ್‌ಟಾಪ್‌ನಲ್ಲೇ ಆಗಬೇಕಾದ ಕೆಲಸ.

ಟೈಪ್ ಮಾಡುವ ವೇಗದ ಪ್ರಶ್ನೆಯೂ ಇದೆ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿ ಬಳಸುವುದರಿಂದ, ಅದನ್ನು ಕಲಿತ ಬೆರಳುಗಳಿಗೆ ನಿಜವಾದ ಕೀಲಿಗಳು ಬೇಕು. ಟ್ಯಾಬ್ಲೆಟ್‌ನ ಪರದೆಯ ಮೇಲೆ ಮೂಡುವ ಕೀಲಿಮಣೆ, ಅಡ್ಡ ಹಿಡಿದಾಗ, ಪರದೆಯ ಅರ್ಧದಷ್ಟನ್ನು ನುಂಗುತ್ತದೆ. ಬರೆದ ಎರಡು ಪ್ಯಾರಾ ಹಿಂದಿನದನ್ನು ನೋಡಲು ಮೇಲೆ ಕೆಳಗೆ ಸರಿಸುತ್ತಲೇ ಇರಬೇಕು. ಪ್ರತ್ಯೇಕ ಕೀಬೋರ್ಡ್ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆಯಾದರೂ, ಆ ಕೀಬೋರ್ಡಿನಿಂದ ನಿಮಗೆ ಅಭ್ಯಾಸವಿರುವ ವಿನ್ಯಾಸದಲ್ಲಿ ಕನ್ನಡ ಮೂಡುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ, ಹಣ ಕೊಡುವ ಮೊದಲು, ಒಂದು ಪುಟ ಟೈಪ್ ಮಾಡಿ ನೋಡಬೇಕು. ಧ್ವನಿಯಿಂದ ಕನ್ನಡ ಬರೆಸುವ ಸೌಲಭ್ಯ ಈಗ ಚೆನ್ನಾಗಿದೆ. ನಮ್ಮ ಕರಾವಳಿಯ ಊರ ಹೆಸರು, ಮನೆತನದ ಹೆಸರು, ನಡುವೆ ಬರುವ ತುಳು ಮಾತು ಇವುಗಳ ಎದುರು ಅದು ತಡವರಿಸುತ್ತದೆ. ದಾನಿಗಳ ಪಟ್ಟಿಯನ್ನು ಅದರ ಕೈಗೆ ಒಪ್ಪಿಸಬೇಡಿ.

ಇಷ್ಟೆಲ್ಲ ಓದಿ ಟ್ಯಾಬ್ಲೆಟ್ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಡಿ. ಮಗಳ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಕಾಲೇಜಿನಲ್ಲಿ ಹಂಚುವ ಪಾಠದ ಕಡತಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಸ್ಕ್ಯಾನ್ ಮಾಡಿದ ಪುಸ್ತಕದ ಅಧ್ಯಾಯಗಳು ಹೆಚ್ಚಾಗಿ ಎ4 ಅಳತೆಯ ಪುಟಗಳು, ಉದ್ದಕ್ಕೆ ನಿಲ್ಲುವಂಥವು. 15.6 ಇಂಚಿನ ಲ್ಯಾಪ್‌ಟಾಪ್‌ನ ಪರದೆ ಅಗಲಕ್ಕೆ ಮಲಗಿರುವುದರಿಂದ ಇಡೀ ಪುಟ ಕಾಣುವಂತೆ ಮಾಡಿದರೆ ಅಕ್ಷರ ಸಣ್ಣದಾಗುತ್ತದೆ, ಅಗಲಕ್ಕೆ ಹಿಗ್ಗಿಸಿದರೆ ಪುಟದ ಮೇಲರ್ಧ ಮಾತ್ರ ಕಾಣುತ್ತದೆ. ಹನ್ನೊಂದು ಇಂಚಿನ, 4:3 ಆಕಾರದ ಟ್ಯಾಬ್ಲೆಟನ್ನು ಉದ್ದಕ್ಕೆ ಹಿಡಿದರೆ ಪೂರ್ತಿ ಎ4 ಪುಟ ಮೂಲದ ಮುಕ್ಕಾಲು ಅಳತೆಯಲ್ಲಿ ಕಾಣಿಸುತ್ತದೆ, ಅಂದರೆ 12 ಪಾಯಿಂಟಿನ ಅಕ್ಷರ 9 ಪಾಯಿಂಟಿನಷ್ಟಾಗುತ್ತದೆ. ಎಳೆಯ ಕಣ್ಣಿಗೆ ಅದು ಸಾಕು. ಎಂಟು ಇಂಚಿನ ಅಗ್ಗದ ಟ್ಯಾಬ್ಲೆಟ್‌ನಲ್ಲಿ ಅದೇ ಪುಟ ಅರ್ಧದ ಹತ್ತಿರಕ್ಕೆ ಕುಗ್ಗುವುದರಿಂದ ಓದಿಗಾಗಿ ಅದನ್ನು ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಬ್ರಹ್ಮಾವರದಿಂದ ದಿನವೂ ಮಣಿಪಾಲಕ್ಕೋ ಮಂಗಳೂರಿಗೋ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಗೆ, ಸೀಟು ಸಿಕ್ಕಿದ ದಿನ, ಅರ್ಧ ಕಿಲೋ ತೂಕದ ಟ್ಯಾಬ್ಲೆಟನ್ನು ಒಂದು ಕೈಯಲ್ಲಿ ಹಿಡಿದು ಓದುವುದು ಸಾಧ್ಯ. ಲ್ಯಾಪ್‌ಟಾಪ್ ತೆರೆಯುವುದು ಸಾಧ್ಯವಿಲ್ಲ, ಎದುರಿನ ಸೀಟಿನವರು ಹಿಂದೆ ಒರಗಿದರೆ ಮುಗಿಯಿತು.

ಪೆನ್ನು ಇದಕ್ಕಿಂತ ದೊಡ್ಡ ವಿಷಯ. ಗಣಿತದ ಸಮೀಕರಣ, ವಿದ್ಯುತ್ ಸರ್ಕೀಟಿನ ಚಿತ್ರ, ಸಾವಯವ ರಸಾಯನದ ಉಂಗುರಗಳು, ಹೃದಯದ ಕವಾಟಗಳ ರೇಖಾಚಿತ್ರ ಇವುಗಳನ್ನು ತರಗತಿಯ ವೇಗದಲ್ಲಿ ಟೈಪ್ ಮಾಡಲು ಯಾರಿಗೂ ಆಗದು, ಬರೆಯಲೇಬೇಕು. ಪಾಠದ ಸ್ಲೈಡ್‌ಗಳ ಮೇಲೆಯೇ ಗೆರೆ ಎಳೆದು, ಪಕ್ಕದಲ್ಲಿ ಟಿಪ್ಪಣಿ ಬರೆದು, ವಿಷಯವಾರು ಜೋಡಿಸಿಟ್ಟು, ಪರೀಕ್ಷೆಯ ಹಿಂದಿನ ರಾತ್ರಿ ಬೇಕಾದ ಪುಟ ಕೂಡಲೇ ಸಿಗುವಂತೆ ಮಾಡಿಕೊಳ್ಳುವ ಅನುಕೂಲ ನೋಟ್ ಪುಸ್ತಕದಲ್ಲೂ ಇಲ್ಲ, ಲ್ಯಾಪ್‌ಟಾಪ್‌ನಲ್ಲೂ ಇಲ್ಲ. ಆದರೆ ಪೆನ್ನು ಎಂದರೆ ಎಲ್ಲವೂ ಪೆನ್ನಲ್ಲ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ, ತುದಿಯಲ್ಲಿ ರಬ್ಬರಿನ ಗುಂಡು ಇರುವ ಕಡ್ಡಿ ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ. ಅದನ್ನು ಹಿಡಿದು ಬರೆಯುವಾಗ ಅಂಗೈ ಪರದೆಗೆ ತಾಗಿದರೆ ಅಲ್ಲಿಯೂ ಗೆರೆ ಬೀಳುತ್ತದೆ. ಬೇಕಾದದ್ದು ಟ್ಯಾಬ್ಲೆಟ್ ತನ್ನದೆಂದು ಗುರುತಿಸಿ, ಅಂಗೈಯ ಸ್ಪರ್ಶವನ್ನು ಬಿಟ್ಟುಬಿಡುವ ಸಕ್ರಿಯ ಪೆನ್ನು. ಸ್ಯಾಮ್‌ಸಂಗ್‌ನ ಎಸ್ ಪೆನ್ ವಿದ್ಯುತ್ಕಾಂತೀಯ ತತ್ವದಿಂದ ನಡೆಯುವುದರಿಂದ ಬರೆಯಲು ಅದಕ್ಕೆ ಬ್ಯಾಟರಿಯೇ ಬೇಡ. ಆಪಲ್ ಪೆನ್ಸಿಲ್‌ಗೆ ಆಗಾಗ ಚಾರ್ಜ್ ಬೇಕು, ಮತ್ತು ಅದರ ಅಗ್ಗದ ಯುಎಸ್‌ಬಿ-ಸಿ ಮಾದರಿ ಕೈಯ ಒತ್ತಡವನ್ನು ಗುರುತಿಸುವುದಿಲ್ಲ. ನೋಟ್ಸ್ ಬರೆಯುವವರಿಗೆ ಅದರಿಂದ ತೊಂದರೆಯಿಲ್ಲ, ಚಿತ್ರ ಬಿಡಿಸುವವರಿಗೆ ಇದೆ. ಕನ್ನಡಕ್ಕೂ ಪೆನ್ನು ಒದಗುತ್ತದೆ: ಗೂಗಲ್ ಕೀಬೋರ್ಡಿನ ಕೈಬರಹದ ಸೌಲಭ್ಯದಲ್ಲಿ ಒತ್ತಕ್ಷರ ಸಹಿತ ಬರೆದರೆ ಅದು ಯೂನಿಕೋಡ್ ಅಕ್ಷರವಾಗಿ ಬದಲಾಗುತ್ತದೆ. ಕೀಲಿಮಣೆ ಕಲಿಯದ ಹಿರಿಯರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಈಗ ಅಂಗಡಿಯವರ ಲೆಕ್ಕವನ್ನು ಪರೀಕ್ಷಿಸೋಣ. 2025ರಲ್ಲಿ ಬಂದ ಸಾಮಾನ್ಯ ಐಪ್ಯಾಡಿನ ಆರಂಭಿಕ ಬೆಲೆ ಭಾರತದಲ್ಲಿ 34,900 ರೂಪಾಯಿ ಇತ್ತು. ಅದಕ್ಕೆ ಕಂಪನಿಯದೇ ಕೀಬೋರ್ಡ್ 24,900, ಯುಎಸ್‌ಬಿ-ಸಿ ಪೆನ್ಸಿಲ್ 7,900. ಒಟ್ಟು 67,700. ಈ ಹಣಕ್ಕೆ ಒಳ್ಳೆಯ ಲ್ಯಾಪ್‌ಟಾಪ್ ಬಂದು ಚೀಲಕ್ಕೂ ಹಣ ಉಳಿಯುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಈ ಮೂರೂ ಕಡಿಮೆಗೆ ಸಿಗುತ್ತವೆ, ಆದರೆ ಅಲ್ಲಿಯೂ ಕೀಬೋರ್ಡ್ ಸೇರಿದ ಕೂಡಲೇ ಬೆಲೆಯ ಅನುಕೂಲ ಕರಗತೊಡಗುತ್ತದೆ. ತೂಕದ ಕಥೆಯೂ ಹೀಗೆಯೇ: 2024ರ ಹದಿಮೂರು ಇಂಚಿನ ಐಪ್ಯಾಡ್ ಪ್ರೊ ಒಂದೇ ಆದರೆ 579 ಗ್ರಾಂ, ಅದರ ಕೀಬೋರ್ಡ್ ಸೇರಿಸಿದರೆ 1.24 ಕಿಲೋ ತೂಗುವ ಮ್ಯಾಕ್‌ಬುಕ್ ಏರ್‌ನ ಸಮಕ್ಕೆ ಬಂದು ನಿಲ್ಲುತ್ತದೆ. ಕೀಬೋರ್ಡ್ ಹಾಕಿದ ಟ್ಯಾಬ್ಲೆಟ್ ತೊಡೆಯ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ಭಾರವೆಲ್ಲ ಪರದೆಯಲ್ಲಿರುವುದರಿಂದ ಹಿಂದಕ್ಕೆ ವಾಲುತ್ತದೆ. ಪರದೆ ಪೂರ್ತಿ ಮಡಚಿಕೊಳ್ಳುವ, ಪೆನ್ನಿನಿಂದ ಬರೆಯಬಹುದಾದ ವಿಂಡೋಸ್ ಲ್ಯಾಪ್‌ಟಾಪ್‌ಗಳು ಸಿಗುತ್ತವೆಯಲ್ಲ ಎಂದು ನೀವು ಕೇಳಬಹುದು. ತಂತ್ರಾಂಶದ ಸಮಸ್ಯೆಯನ್ನು ಅವು ಬಗೆಹರಿಸುತ್ತವೆ, ನಿಜ. ಒಂದೂವರೆ ಕಿಲೋದ ಸಾಧನವನ್ನು ಕೈಯಲ್ಲಿ ಹಿಡಿದು ಓದುವ ಸಮಸ್ಯೆಯನ್ನು ಬಗೆಹರಿಸುವುದಿಲ್ಲ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದ ನಾಲ್ಕು ತಿಂಗಳು ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಟ್ಯಾಬ್ಲೆಟ್‌ನ ಬ್ಯಾಟರಿ ಚಿಕ್ಕದು, ಹನ್ನೊಂದು ಇಂಚಿನದರಲ್ಲಿ ಸುಮಾರು 30 ವ್ಯಾಟ್-ಅವರ್. ಫೋನಿಗೆಂದು ಕೊಂಡ 10,000 ಎಂಎಎಚ್ ಪವರ್ ಬ್ಯಾಂಕ್‌ನಿಂದಲೇ ಅದರ ಮುಕ್ಕಾಲು ಭಾಗ ತುಂಬಿಸಿಕೊಳ್ಳಬಹುದು. ಲ್ಯಾಪ್‌ಟಾಪ್‌ಗೆ 45ರಿಂದ 65 ವ್ಯಾಟ್ ಕೊಡಬಲ್ಲ ವಿಶೇಷ ಪವರ್ ಬ್ಯಾಂಕ್ ಬೇಕು, ಮತ್ತು ಹಳೆಯ ದುಂಡು ಪಿನ್ನಿನ ಲ್ಯಾಪ್‌ಟಾಪ್‌ಗಳು ಅದನ್ನು ಸ್ವೀಕರಿಸುವುದೇ ಇಲ್ಲ. ಇತ್ತ, ಒದ್ದೆ ಕೈಗೆ ಟ್ಯಾಬ್ಲೆಟ್ ಸರಿಯಾಗಿ ಮಣಿಯುವುದಿಲ್ಲ. ಪರದೆ ಬೆರಳನ್ನು ಗುರುತಿಸುವುದು ವಿದ್ಯುತ್ ಧಾರಕತೆಯಿಂದಾದ ಕಾರಣ ನೀರ ಹನಿಯನ್ನೂ ಅದು ಬೆರಳೆಂದು ಭಾವಿಸುತ್ತದೆ. ಕಡಲ ಸಮೀಪದ ಮನೆಗಳಲ್ಲಿ ಉಪ್ಪು ಬೆರೆತ ತೇವ ಲ್ಯಾಪ್‌ಟಾಪ್‌ನ ಕೀಲಿಗಳ ಸಂದಿನಿಂದ, ಫ್ಯಾನಿನ ಕಿಂಡಿಯಿಂದ ಒಳಗೆ ಹೋಗಿ ಬೋರ್ಡನ್ನು ತಿನ್ನುವುದುಂಟು; ಫ್ಯಾನ್ ಇಲ್ಲದ, ಮುಚ್ಚಿದ ಮೈಯ ಟ್ಯಾಬ್ಲೆಟ್‌ಗೆ ಆ ಅಪಾಯ ಕಡಿಮೆ. ಎಪ್ರಿಲ್, ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಮಾತ್ರ ಎರಡಕ್ಕೂ ಒಂದೇ ಮದ್ದು, ಚಾರ್ಜರನ್ನು ಗೋಡೆಯಿಂದ ಕಳಚಿಡುವುದು.

ದುರಸ್ತಿಯಲ್ಲಿ ಲ್ಯಾಪ್‌ಟಾಪ್ ಮುಂದಿದೆ. ಬ್ಯಾಟರಿ, ಕೀಬೋರ್ಡ್, ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ, ಕೆಲವು ಮಾದರಿಗಳಲ್ಲಿ ರ‍್ಯಾಮ್ ಕೂಡ ಉಡುಪಿಯಲ್ಲೇ ಬದಲಾಯಿಸಿಕೊಳ್ಳಬಹುದು. ಟ್ಯಾಬ್ಲೆಟ್‌ನ ಪರದೆಯನ್ನೂ ಬ್ಯಾಟರಿಯನ್ನೂ ಅಂಟಿನಿಂದ ಕೂರಿಸಿರುತ್ತಾರೆ. ಗಾಜು ಒಡೆದರೆ ದುರಸ್ತಿಯ ಖರ್ಚು ಕೇಳಿ ಹೊಸದನ್ನೇ ಕೊಳ್ಳುವವರು ಹೆಚ್ಚು.

ಆದರೂ ಅಗ್ಗದ ಬೆಲೆಯಲ್ಲಿ ಈ ಹೋಲಿಕೆ ತಿರುಗಿ ಬೀಳುತ್ತದೆ, ಇದನ್ನು ಲ್ಯಾಪ್‌ಟಾಪ್ ಪಕ್ಷಪಾತಿಗಳು ಹೇಳುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ಸಾವಿರಕ್ಕೆ ಸಿಗುವ ಟ್ಯಾಬ್ಲೆಟ್ ಟ್ಯಾಬ್ಲೆಟ್‌ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದೇ ಬೆಲೆಯ ಹೊಸ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್ ಮತ್ತು ನಿಧಾನಗತಿಯ ಇಎಂಎಂಸಿ ಸಂಗ್ರಹ ಇರುವಂಥದ್ದು, ಲ್ಯಾಪ್‌ಟಾಪ್‌ನ ಕೆಲಸವನ್ನು ಚೆನ್ನಾಗಿ ಮಾಡುವುದಿಲ್ಲ. ವಿಂಡೋಸ್ ಅಪ್‌ಡೇಟ್ ಬಂದ ದಿನ ಅದರ ಮುಂದೆ ಕುಳಿತು ಕಾಯುವುದೇ ಕೆಲಸವಾಗುತ್ತದೆ. ಆ ಬೆಲೆಯಲ್ಲಿ ಲ್ಯಾಪ್‌ಟಾಪೇ ಬೇಕೆಂದರೆ, ಕಂಪನಿಗಳು ಬಳಸಿ ಬಿಟ್ಟ ವ್ಯಾವಹಾರಿಕ ದರ್ಜೆಯ ಲ್ಯಾಪ್‌ಟಾಪನ್ನು, ಬಿಲ್ಲು ಮತ್ತು ವಾರಂಟಿ ಕೊಡುವ ಮಾರಾಟಗಾರರಿಂದ, ಬ್ಯಾಟರಿಯ ಸ್ಥಿತಿ ಪರೀಕ್ಷಿಸಿ ಕೊಳ್ಳುವುದು ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಜಾಣತನ. ಟ್ಯಾಬ್ಲೆಟ್ ಕೊಳ್ಳುವಾಗ ವಿಚಾರಿಸಬೇಕಾದದ್ದು ಎಷ್ಟು ವರ್ಷ ಸುರಕ್ಷಾ ಅಪ್‌ಡೇಟ್ ಸಿಗುತ್ತದೆ ಎಂಬುದನ್ನು. ಮಗಳ ನಾಲ್ಕು ವರ್ಷದ ಕೋರ್ಸ್ ಮುಗಿಯುವ ಮೊದಲೇ ಅದು ನಿಂತುಹೋಗುವ ಮಾದರಿಗಳು ಮಾರುಕಟ್ಟೆಯಲ್ಲಿ ಇವೆ.

ಇಷ್ಟಾದ ಮೇಲೆ ನನ್ನ ಸಲಹೆ, ಮಗಳ ಸೀಟು ನಿಶ್ಚಯವಾಗುವವರೆಗೆ ಏನನ್ನೂ ಕೊಳ್ಳಬೇಡಿ. ಸುರತ್ಕಲ್, ಮಣಿಪಾಲ, ನಿಟ್ಟೆ ಎಲ್ಲಿಯೇ ಆಗಲಿ, ಎಂಜಿನಿಯರಿಂಗ್ ಸೇರಿದರೆ ಲ್ಯಾಪ್‌ಟಾಪ್. ಪ್ರೋಗ್ರಾಮಿಂಗ್ ಕಲಿಯುವುದಕ್ಕೆ, ಸಾಲಿಡ್‌ವರ್ಕ್ಸ್‌ನಂತಹ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ವಿನ್ಯಾಸ ತಂತ್ರಾಂಶಕ್ಕೆ, ಆ್ಯಂಡ್ರಾಯ್ಡ್ ಸ್ಟುಡಿಯೊಗೆ, ಮುಂದೆ ಉದ್ಯೋಗ ಸಂದರ್ಶನದ ಆನ್‌ಲೈನ್ ಪರೀಕ್ಷೆಗಳಿಗೆ ಅದು ಬೇಕಾಗುತ್ತದೆ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ರ‍್ಯಾಮ್ 8 ಮಾತ್ರ ಇದ್ದರೆ ಮುಂದೆ ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಿ. ಕೆಲವು ಕಾಲೇಜುಗಳಲ್ಲಿ ವಿಭಾಗಕ್ಕೆ ತಕ್ಕಂತೆ ಲ್ಯಾಪ್‌ಟಾಪ್‌ಗೆ ಇರಬೇಕಾದ ಕನಿಷ್ಠ ಸಾಮರ್ಥ್ಯ ಹೇಳುವುದುಂಟು, ಹಿರಿಯ ವಿದ್ಯಾರ್ಥಿಗಳಿಂದ ತಿಳಿದುಕೊಳ್ಳುವುದು ಇನ್ನೂ ಉತ್ತಮ. ನರ್ಸಿಂಗ್ ಅಥವಾ ಅಂಥ ಕೋರ್ಸ್ ಆದರೆ ನನ್ನ ಉತ್ತರ ಟ್ಯಾಬ್ಲೆಟ್: ಹನ್ನೊಂದು ಇಂಚಿಗೆ ಕಡಿಮೆಯಲ್ಲದ ಪರದೆ, ಪೆಟ್ಟಿಗೆಯಲ್ಲೇ ಅಥವಾ ಅದೇ ಕಂಪನಿಯಿಂದ ಬರುವ ಸಕ್ರಿಯ ಪೆನ್ನು, 128 ಜಿಬಿ ಸಂಗ್ರಹ, ಗಟ್ಟಿ ಕವಚ. ಇದು ಮೂವತ್ತರಿಂದ ನಲವತ್ತೈದು ಸಾವಿರದೊಳಗೆ ಆಗುವ ಖರ್ಚು. ವರದಿ ಟೈಪ್ ಮಾಡುವ ಸಂದರ್ಭ ವರ್ಷಕ್ಕೆ ಕೆಲವೇ ಸಲ ಬರುವುದರಿಂದ ಅದಕ್ಕಾಗಿ ದುಬಾರಿ ಕೀಬೋರ್ಡ್ ಬೇಡ. ಮನೆಯ ಹಳೆಯ ಲ್ಯಾಪ್‌ಟಾಪ್ ಸಾಕು.

ಆ ಹಳೆಯ ಲ್ಯಾಪ್‌ಟಾಪನ್ನು ಮೂಲೆಗೆ ಹಾಕಬೇಡಿ. ಅದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ. ನುಡಿ, ವರ್ಡ್, ಪೇಜ್‌ಮೇಕರ್ ಇವಕ್ಕೆ ಬೇಕಾದ ವೇಗ ಅಷ್ಟರಲ್ಲೇ ಬರುತ್ತದೆ. ಹಳೆಯ ವರದಿಗಳ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಕೆಲಸವನ್ನೂ ಅದರಲ್ಲೇ ಬಿಡುವಿನಲ್ಲಿ ಮಾಡಿಕೊಳ್ಳಿ. ಒಂದು ಎಚ್ಚರಿಕೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕಾಗುತ್ತದೆ; ನಿಮ್ಮದು ಆ ಗಡಿಯ ಯಾವ ಕಡೆಯದೆಂದು ದುರಸ್ತಿಯವರನ್ನು ಕೇಳಿ ನೋಡಿ. ವಿಂಡೋಸ್ 11 ಅದಕ್ಕೆ ಹಿಡಿಸದಿದ್ದರೆ ಆ ಲ್ಯಾಪ್‌ಟಾಪನ್ನು ಟೈಪಿಂಗಿಗೆ ಮಾತ್ರ, ಇಂಟರ್‌ನೆಟ್ ಜೋಡಿಸದೆ ಬಳಸಿ, ಟ್ಯಾಲಿಯನ್ನೂ ಡಿಜಿಟಲ್ ಸಹಿಯ ಟೋಕನನ್ನೂ ಸಂಘದ ಕಚೇರಿಯ ಗಣಕದಲ್ಲೇ ಉಳಿಸಿಕೊಳ್ಳಿ.